ಜಂಪರ್ ಅಳತೆ ಬೇರೆ, ಬ್ರಾ ಅಳತೆ ಬೇರೆ

ಕಳೆದ ವಾರ ಆಳಂದ ಕಡೆಯ ಒಬ್ಬ ಟೀಚರ್ ಅಂಗಡಿಗೆ ಬಂದಿದ್ದರು. "38 ಕೊಡ್ರಿ ಅಕ್ಕಾ, ಕಾಟನ್‌ದು, ಮೂರು" ಅಂದರು. ಮಾತಾಡುತ್ತಲೇ ಹೆಗಲು ಒತ್ತಿಕೊಳ್ಳುತ್ತಿದ್ದರು. ಟ್ರಯಲ್ ರೂಮಿಗೆ ಕರೆದುಕೊಂಡು ಹೋಗಿ ನೋಡಿದರೆ ಎರಡೂ ಹೆಗಲ ಮೇಲೆ ಪಟ್ಟಿ ಕೊರೆದು ಕಪ್ಪಗಾಗಿತ್ತು, ಹಿಂದಿನ ಪಟ್ಟಿ ಬೆನ್ನಿನ ಮಧ್ಯಕ್ಕೆ ಏರಿ ಕೂತಿತ್ತು. ಈ 38 ನಿಮಗೆ ಯಾರು ಹೇಳಿದ್ದು ಅಂತ ಕೇಳಿದೆ. "ಜಂಪರ್ ಹೊಲಿಯೋರು ಎದಿ ಅಳತಿ 37 ಅಂತ ಬರಕೊಂಡಿದ್ರು, ಅದಕ್ಕ 38 ತಗೋತೀನ್ರಿ" ಅಂದರು.

ಕಲಬುರಗಿಯಲ್ಲಿ ಸೂಪರ್ ಮಾರ್ಕೆಟ್ ಹತ್ತಿರ ಹೆಂಗಸರ ಒಳಉಡುಪಿನ ಅಂಗಡಿ ನಡೆಸುತ್ತಾ ನನಗೆ 16 ವರ್ಷ ಆಯಿತು. ಈ ಉತ್ತರ ಎಷ್ಟು ಸಲ ಕೇಳಿದ್ದೀನೋ ಲೆಕ್ಕವಿಲ್ಲ. ಜಂಪರಿಗೆ, ಅಂದರೆ ರವಿಕೆಗೆ, ಎದೆಯ ತುಂಬು ಭಾಗದ ಸುತ್ತಳತೆ ಬೇಕು. ಬ್ರಾದ ನಂಬರ್ ಅದಲ್ಲ. 34, 36, 38 ಅನ್ನೋದು ಸ್ತನದ ಕೆಳಗೆ ಪಕ್ಕೆಲುಬಿನ ಸುತ್ತ ಕೂರುವ ಪಟ್ಟಿಯ ನಂಬರ್. ಆ ಪಟ್ಟಿಗೆ ಹೋಲಿಸಿದರೆ ಸ್ತನ ಎಷ್ಟು ದೊಡ್ಡದು, ಅಂದರೆ ಅದು ಕೂರುವ ಕಪ್ಪು (ಕಪ್) ಎಷ್ಟಿರಬೇಕು ಅಂತ ಹೇಳೋದು ಪಕ್ಕದಲ್ಲಿರುವ ಎ, ಬಿ, ಸಿ, ಡಿ ಅಕ್ಷರ. ನಮ್ಮ ಕಡೆ ತುಂಬಾ ಜನ ಆ ಅಕ್ಷರವನ್ನು ಕೇಳೋದೇ ಇಲ್ಲ. ಕೌಂಟರಿನಲ್ಲಿ ಗಂಡಸರು ಕೂತಿರುತ್ತಾರೆ, ಮೆಲ್ಲಗೆ ಒಂದು ನಂಬರ್ ಹೇಳಿ, ಪೇಪರಲ್ಲಿ ಸುತ್ತಿಸಿಕೊಂಡು, ಹಾಕಿ ನೋಡದೆ ಮನೆಗೆ ಒಯ್ದು, ಹೊಂದದಿದ್ದರೂ ಅದನ್ನೇ ಹರಿಯೋವರೆಗೂ ಹಾಕುತ್ತಾರೆ. ನನಗೂ ಮೊದಲ ಬ್ರಾ ಅವ್ವ ಕಣ್ಣಳತೆಯಲ್ಲೇ ತಂದುಕೊಟ್ಟಿದ್ದಳು. ಅವಳಿಗೂ ಯಾರೂ ಹೇಳಿಕೊಟ್ಟಿರಲಿಲ್ಲ.

ಮನೆಯಲ್ಲೇ ಅಳೆದುಕೊಳ್ಳಬಹುದು. ಟೈಲರ್ ಟೇಪು ಸಾಕು, ಸೆಂಟಿಮೀಟರ್ ಇರೋ ಬದಿಯಿಂದ ಅಳೆಯಿರಿ. ಮೊದಲು ಸ್ತನದ ಸರಿಯಾಗಿ ಕೆಳಗೆ, ಉಸಿರು ಬಿಟ್ಟು, ಟೇಪು ಬೆನ್ನಿನ ಹಿಂದೆ ಮೇಲೆ ಕೆಳಗೆ ಆಗದಂತೆ ಸ್ವಲ್ಪ ಬಿಗಿಯಾಗಿ ಹಿಡಿದು ಅಳೆಯಿರಿ. ಆಮೇಲೆ ತುಂಬು ಭಾಗದ ಮೇಲೆ, ಒತ್ತದೆ ಸಡಿಲವಾಗಿ. ಎದೆ ಜೋತು ಬಿದ್ದಿದ್ದರೆ ಪ್ಯಾಡ್ ಇಲ್ಲದ ತೆಳು ಬ್ರಾ ಹಾಕಿಕೊಂಡು ಅಳೆಯೋದು ಒಳ್ಳೆಯದು. ಕೆಳಗಿನ ಅಳತೆ 70ರ ಆಸುಪಾಸು ಬಂದರೆ 32, 75 ಬಂದರೆ 34, 80ಕ್ಕೆ 36, 85ಕ್ಕೆ 38. ಎರಡು ಅಳತೆಗಳ ವ್ಯತ್ಯಾಸ 12ರಿಂದ 14 ಸೆಂಟಿಮೀಟರ್ ಇದ್ದರೆ ಎ, 16ರವರೆಗೆ ಬಿ, 18ರವರೆಗೆ ಸಿ, 20ರವರೆಗೆ ಡಿ.

75 ಸೆಂಟಿಮೀಟರ್ ಅಂದರೆ ಇಂಚಿನಲ್ಲಿ ಸುಮಾರು ಇಪ್ಪತ್ತೊಂಬತ್ತೂವರೆ ಆಗುತ್ತೆ, 34 ಹೇಗೆ ಬಂತು ಅಂತ ಕೇಳುತ್ತೀರಿ. ಹಳೇ ಲೆಕ್ಕದಲ್ಲಿ ಕೆಳಗಿನ ಅಳತೆಗೆ ನಾಲ್ಕೋ ಐದೋ ಇಂಚು ಕೂಡಿಸಿ ನಂಬರ್ ಹಾಕುತ್ತಿದ್ದರು, ಆ ನಂಬರೇ ಇನ್ನೂ ನಡೆಯುತ್ತಿದೆ. ಕೆಲವು ಕಂಪನಿಯವರು ಏನೂ ಕೂಡಿಸೋದಿಲ್ಲ. ಅದಕ್ಕೇ ಡಬ್ಬಿಯ ಮೇಲಿನ ಸೆಂಟಿಮೀಟರ್ ನೋಡಿ, ಆ ಕಂಪನಿಯ ಚಾರ್ಟ್ ನೋಡಿ ಅಂತ ನಾನು ಒತ್ತಿ ಹೇಳೋದು. ಆನ್‌ಲೈನಲ್ಲಿ ತರಿಸೋರಿಗಂತೂ ಇದು ಬೇಕೇ ಬೇಕು.

ಟೀಚರ್‌ಗೆ ಕೆಳಗೆ 75 ಬಂತು, ಮೇಲೆ 94. ವ್ಯತ್ಯಾಸ 19. ಅವರದು 34 ಡಿ. ಡಿ ಅಂದ ಕೂಡಲೇ ಗಾಬರಿಯಾದರು. "ಅಷ್ಟ್ ದೊಡ್ಡದೇನ್ರಿ ನಂದು?" ಅಂದರು. ಅವರು ಹಾಕುತ್ತಿದ್ದದ್ದು 38 ಬಿ. ಆ ಎರಡರ ಕಪ್ಪು ಹಿಡಿಸೋದು ಹೆಚ್ಚು ಕಡಿಮೆ ಒಂದೇ! ಪಟ್ಟಿಯ ನಂಬರ್ ಒಂದು ಸೈಜ್ ಇಳಿದರೆ ಅಕ್ಷರ ಒಂದು ಏರಬೇಕು. 38 ಬಿ, 36 ಸಿ, 34 ಡಿ, ಈ ಮೂರೂ ಅಕ್ಕತಂಗಿಯರಿದ್ದ ಹಾಗೆ. ಅಂದರೆ ಡಿ ಒಂದೇ ಅಂತ ಇಲ್ಲ, 32ರ ಡಿ ಸಣ್ಣದು, 40ರ ಡಿ ದೊಡ್ಡದು. ಇಷ್ಟು ವರ್ಷ ಅವರ ಕಪ್ಪು ಸರಿಯಾಗೇ ಇತ್ತು, ಪಟ್ಟಿ ಸಡಿಲ ಇತ್ತು. ಪಟ್ಟಿ ಹಿಡಿಯದೆ ಇದ್ದಾಗ ಭಾರವೆಲ್ಲ ಹೆಗಲಿಗೆ ಬೀಳುತ್ತೆ, ಎದೆ ಮೇಲೆತ್ತೋಕೆ ಅಂತ ಹೆಗಲ ಪಟ್ಟಿ ಎಳೆದು ಎಳೆದು ಬಿಗಿ ಮಾಡುತ್ತೇವೆ, ಮುಂದೆ ಎಳೆದಷ್ಟೂ ಹಿಂದಿನ ಪಟ್ಟಿ ಮೇಲೇರುತ್ತೆ, ಸಂಜೆ ಹೊತ್ತಿಗೆ ಕುತ್ತಿಗೆ ಹಿಡಿದುಕೊಳ್ಳುತ್ತೆ. ಭಾರ ಹೊರಬೇಕಾದ್ದು ಕೆಳಗಿನ ಪಟ್ಟಿ. ಅದರೊಳಗೆ ಎರಡು ಬೆರಳು ಹೋಗಬೇಕು, ಹೆಗಲ ಪಟ್ಟಿಯೊಳಗೆ ಒಂದು ಬೆರಳು.

ಹೊಸ ಬ್ರಾವನ್ನು ಎಲ್ಲಕ್ಕಿಂತ ಹೊರಗಿನ ಹುಕ್ಕಿಗೆ ಹಾಕಿದಾಗ ಸರಿಯಾಗಿ ಕೂರಬೇಕು. ಎಲಾಸ್ಟಿಕ್ ಸಡಿಲ ಆದ ಹಾಗೆ ಒಳಗಿನ ಹುಕ್ಕಿಗೆ ಹೋಗೋಕೆ ಅಂತಲೇ ಮೂರು ಸಾಲು ಕೊಟ್ಟಿರುತ್ತಾರೆ. ಕೊನೇ ಹುಕ್ಕಿಗೂ ಸಡಿಲ ಆಯಿತಾ, ಬಿಟ್ಟುಬಿಡಿ.

ಇನ್ನು ಆಕಾರ. ಅಳತೆ ಸರಿ ಇದ್ದೂ ಬ್ರಾ ಹೊಂದದೆ ಇರೋದಕ್ಕೆ ಕಾರಣ ಇದೇ. ಎರಡು ಮಕ್ಕಳಿಗೆ ಹಾಲು ಕೊಟ್ಟವರ ಸ್ತನ ಎಷ್ಟೋ ಸಲ ಕೆಳಗೆ ತುಂಬಿಕೊಂಡು ಮೇಲೆ ಖಾಲಿ ಆಗಿರುತ್ತೆ. ಅಂಥವರು ಗಟ್ಟಿ ಪ್ಯಾಡ್ ಇರೋ ಬ್ರಾ ಹಾಕಿದರೆ ಕಪ್ಪಿನ ಮೇಲ್ಗಡೆ ಸಂದು ಬೀಳುತ್ತೆ. ಕಪ್ಪು ದೊಡ್ಡದಾಯಿತು ಅಂದುಕೊಂಡು ಒಂದು ಸೈಜ್ ಸಣ್ಣದು ತಗೊಳ್ಳುತ್ತಾರೆ, ಆಗ ಕೆಳಗಿನ ಭಾಗ ಒತ್ತಿಕೊಂಡು ಕಂಕುಳಿನ ಕಡೆ ಹೊರಬರುತ್ತೆ. ಗಟ್ಟಿ ಪ್ಯಾಡಿಗೆ ತನ್ನದೇ ಆಕಾರ ಇದೆ, ಅದು ನಿಮ್ಮ ಆಕಾರಕ್ಕೆ ಬರೋದಿಲ್ಲ. ಇವರಿಗೆ ಕಪ್ಪಿನ ಅಂಚು ತಗ್ಗಿರುವ ಡೆಮಿ ಕಪ್, ಇಲ್ಲ ಅಂದರೆ ಹೊಲಿಗೆ ಇರೋ ಮೆತ್ತನೆ ಕಾಟನ್ ಕಪ್ಪು ಕೊಡುತ್ತೇನೆ. ಹೊಲಿಗೆ ಇರೋ ಕಪ್ಪನ್ನು ಅಜ್ಜಿ ಕಾಲದ ಬಾಡಿ ಅಂತ ಹುಡುಗಿಯರು ಬದಿಗಿಡುತ್ತಾರೆ, ಆದರೆ ಎತ್ತಿ ಹಿಡಿಯೋದರಲ್ಲಿ ಅದೇ ಮೇಲು. ಮೇಲೆ ತುಂಬಿದವರಿಗೆ ಬೇರೆ ತೊಂದರೆ, ಕಪ್ಪಿನ ಅಂಚು ಮಧ್ಯಕ್ಕೆ ಕೊರೆದು ಕುರ್ತಾದ ಮೇಲಿಂದ ನಾಲ್ಕು ಉಬ್ಬು ಕಾಣುತ್ತೆ. ಅವರಿಗೆ ಅಂಚಿನಲ್ಲಿ ಹಿಗ್ಗುವ ಬಟ್ಟೆ ಅಥವಾ ಲೇಸ್ ಇರಬೇಕು. ಎರಡು ಸ್ತನ ಹತ್ತಿರ ಹತ್ತಿರ ಇದ್ದರೆ ಎರಡು ಕಪ್ಪಿನ ಮಧ್ಯದ ಭಾಗ ಕಿರಿದಾಗಿ ತಗ್ಗಿರೋದು ಬೇಕು, ಇಲ್ಲದಿದ್ದರೆ ಕಪ್ಪಿನ ಕೆಳಗಿನ ವೈರ್ ಚುಚ್ಚುತ್ತೆ. ದೂರ ಇದ್ದು ಪಕ್ಕಕ್ಕೆ ವಾಲಿದ್ದರೆ ಕಂಕುಳಿನ ಬದಿ ಅಗಲ ಬಟ್ಟೆ ಇರೋದು.

ಒಂದು ದೊಡ್ಡದು ಒಂದು ಸಣ್ಣದು ಅಂತ ಅಳು ಬರೋ ಹಾಗೆ ಹೇಳಿಕೊಳ್ಳೋ ಹುಡುಗಿಯರಿದ್ದಾರೆ. ತುಂಬಾ ಜನಕ್ಕೆ ಹಾಗೇ ಇರುತ್ತೆ ಕಣಮ್ಮಾ. ದೊಡ್ಡದಕ್ಕೆ ಸರಿಯಾಗಿ ತಗೊಳ್ಳಿ, ಇನ್ನೊಂದರಲ್ಲಿ ತೆಳು ಪ್ಯಾಡ್ ಇಟ್ಟುಕೊಳ್ಳಿ. ಆದರೆ ಮೊದಲು ಸಮ ಇದ್ದದ್ದು ಈಚೆಗೆ ಬದಲಾಗಿದ್ದರೆ, ಗಂಟು ಕೈಗೆ ಸಿಕ್ಕರೆ, ಚರ್ಮ ಒಳಗೆಳೆದುಕೊಂಡರೆ, ಮೊಲೆತೊಟ್ಟಿನಿಂದ ರಕ್ತ ಬಂದರೆ ನನ್ನ ಹತ್ತಿರ ಬರಬೇಡಿ, ಡಾಕ್ಟರ್ ಹತ್ತಿರ ಹೋಗಿ. ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಕೇಂದ್ರ ಕಲಬುರಗಿಯಲ್ಲೇ ಇದೆ. ಬ್ರಾ ಹಾಕಿದರೆ ಕ್ಯಾನ್ಸರ್ ಬರುತ್ತೆ ಅಂತ ವಾಟ್ಸಾಪಲ್ಲಿ ಓಡಾಡೋ ಮಾತನ್ನು ಮಾತ್ರ ನಂಬಬೇಡಿ. ಅಮೆರಿಕದ ಸಿಯಾಟಲ್‌ನ ಸಂಶೋಧಕರು 55ರಿಂದ 74 ವರ್ಷದ ಸಾವಿರಕ್ಕೂ ಹೆಚ್ಚು ಹೆಂಗಸರನ್ನು ವಿಚಾರಿಸಿ ನೋಡಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂಥ ಸಂಬಂಧ ಏನೂ ಸಿಗಲಿಲ್ಲ.

ಹಾಲುಣಿಸೋರು ಬಿಗಿ ಬ್ರಾ, ವೈರ್ ಬ್ರಾ ಬೇಡ. ಒತ್ತಿ ಒತ್ತಿ ಹಾಲು ಕಟ್ಟಿಕೊಂಡು ನೋವು, ಜ್ವರದವರೆಗೂ ಹೋಗುತ್ತೆ. ಮುಂದೆ ತೆರೆಯೋ ಫೀಡಿಂಗ್ ಬ್ರಾ ತಗೊಳ್ಳಿ, ಹೆರಿಗೆ ಹತ್ತಿರ ಬಂದಾಗ ಅಳೆಸಿ ತಗೊಳ್ಳಿ, ಮೂರನೇ ತಿಂಗಳಲ್ಲೇ ಬೇಡ.

ನಮ್ಮ ಬಿಸಿಲಿನ ಮಾತು ಹೇಳದೆ ಇರೋಕಾಗಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಇಡೀ ದಿನ ನೈಲಾನ್ ಪ್ಯಾಡ್ ಹಾಕಿಕೊಂಡಿದ್ದರೆ ಸ್ತನದ ಕೆಳಗೆ ಬೆವರು ನಿಂತು ಕೆಂಪಗೆ ಬೊಕ್ಕೆ ಏಳುತ್ತೆ, ಫಂಗಸ್ ಹಿಡಿಯುತ್ತೆ, ಕೆರೆದು ಕೆರೆದು ಗಾಯ ಮಾಡಿಕೊಂಡು ಬರುತ್ತಾರೆ. ಬೇಸಿಗೆಗೆ ಕಾಟನ್. ದಿನಕ್ಕೆ ಎರಡು ಸಲ ಬದಲಿಸಿದರೂ ಜಾಸ್ತಿ ಅಲ್ಲ. ಸ್ನಾನ ಆದಮೇಲೆ ಕೆಳಗಿನ ಮಡಿಕೆ ಒರೆಸಿ ಪೂರ್ತಿ ಒಣಗಿಸಿಕೊಂಡು ಹಾಕಿ. ಇನ್ನೊಂದು, ಮಾವ, ಮೈದುನ ನೋಡುತ್ತಾರೆ ಅಂತ ಒಗೆದ ಬ್ರಾವನ್ನು ಸೀರೆ ಕೆಳಗೆ, ಟವೆಲ್ ಕೆಳಗೆ ಮುಚ್ಚಿ ಒಣಹಾಕುತ್ತೇವೆ, ಅಲ್ವಾ? ಅದು ಒಣಗೋದೇ ಇಲ್ಲ. ಹಸಿ ಇದ್ದ ಹಾಗೇ ಹಾಕಿಕೊಂಡು ಹೋಗುತ್ತೇವೆ. ದಯವಿಟ್ಟು ಗಾಳಿ ಆಡೋ ಕಡೆ, ನೆರಳಲ್ಲಿ, ಬಿಡಿಸಿ ಹಾಕಿ. ಮನೆಯಲ್ಲಿ ಎಲ್ಲರ ಬನಿಯನ್ ಹಗ್ಗದ ಮೇಲೆ ಇರುತ್ತೆ, ಇದೂ ಇರಲಿ.

ಟೀಚರ್‌ಗೆ 34 ಡಿ ಹಾಕಿಸಿದ ಮೇಲೆ ಮುಂದೆ ಬಗ್ಗಿಸಿ, ಕಂಕುಳಿನ ಕಡೆಯಿಂದ ಎದೆಯನ್ನು ಕೈಯಿಂದ ಕಪ್ಪಿನೊಳಗೆ ತಂದು ಕೂರಿಸಿಕೊಳ್ಳಿ ಅಂದೆ. ಎರಡೂ ಕೈ ಮೇಲೆತ್ತಿಸಿದೆ. ಕೆಳಗೆ ಕೂತು ರೊಟ್ಟಿ ತಟ್ಟೋ ಹಾಗೆ ಹತ್ತು ಸಲ ಕೈ ಆಡಿಸಿ ಅಂದೆ. ಪಟ್ಟಿ ಕದಲಲಿಲ್ಲ. ಮೊದಲು ಬಿಗಿ ಆಯಿತು ಅಂದವರು ಅರ್ಧ ಗಂಟೆ ಹಾಗೇ ಹಾಕಿಕೊಂಡು ಅಂಗಡಿಯಲ್ಲಿ ಕೂತರು, ಚಹಾ ಕುಡಿದರು. ಹೋಗುವಾಗ "ಹೆಗಲು ಹಗುರ ಆಗ್ಯಾವ ನೋಡ್ರಿ ಅಕ್ಕಾ" ಅಂದರು. ಮೂರು ಕೇಳಿದ್ದರು, ಒಂದೇ ಕೊಟ್ಟೆ. ಒಂದು ವಾರ ಹಾಕಿ ನೋಡಿ, ಸರಿ ಅನ್ನಿಸಿದರೆ ಉಳಿದೆರಡು ಒಯ್ಯಿರಿ ಅಂದಿದ್ದೇನೆ.