ಹಳಿ ಸಿದ್ಧ, ರೈಲು ಇಲ್ಲ: ‘ದೇಶೀಯ ತಯಾರಿಕೆ’ ಷರತ್ತಿನ ಹಿನ್ನೆಲೆ

2025ರ ಆಗಸ್ಟ್‌ನಲ್ಲಿ ಬೆಂಗಳೂರು ಮೆಟ್ರೊದ ಹಳದಿ ಮಾರ್ಗ ತೆರೆದಾಗ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ 19 ಕಿ.ಮೀ.ಗೆ ಇದ್ದದ್ದು ಮೂರೇ ರೈಲು. ಒಂದು ತಪ್ಪಿದರೆ ಮುಂದಿನದಕ್ಕೆ 25 ನಿಮಿಷ ಕಾಯಬೇಕಿತ್ತು. ಈ ಕಾಯುವಿಕೆಯ ಬೇರು ಟೆಂಡರಿನ ಒಂದು ಷರತ್ತಿನವರೆಗೆ ಹೋಗುತ್ತದೆ.

ಸರ್ಕಾರಿ ಕಾಮಗಾರಿಗೆ ಇಲ್ಲಿನ ಸಾಮಗ್ರಿ ಬಳಸುವುದು ನಮಗೆ ಹೊಸದಲ್ಲ. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಗೆ ಸಿಮೆಂಟಿನ ಬದಲು ಸುಣ್ಣ, ಇಟ್ಟಿಗೆ ಪುಡಿಯ ಸುರ್ಕಿ ಗಾರೆ ಬಳಸಿದರು. ಸ್ವಾತಂತ್ರ್ಯದ ನಂತರ ಆಮದು ಪರವಾನಗಿಯ ಬಿಗಿಯಲ್ಲಿ ದೇಶೀಯ ಸರಕೇ ಗತಿಯಾಗಿತ್ತು. 1991ರಲ್ಲಿ ಬಾಗಿಲು ತೆರೆಯಿತು.

ಈಗಿನ ನಿಯಮ ಹುಟ್ಟಿದ್ದು 2017ರಲ್ಲಿ. ಮೇ ತಿಂಗಳಲ್ಲಿ ಉಕ್ಕಿಗೆ, ಜೂನ್‌ನಲ್ಲಿ ಉಳಿದ ಸರ್ಕಾರಿ ಖರೀದಿಗೆ ಕೇಂದ್ರವು ದೇಶೀಯ ಆದ್ಯತೆಯ ಆದೇಶ ಹೊರಡಿಸಿತು. 2020ರ ತಿದ್ದುಪಡಿಯಂತೆ ಸರಕಿನ ಶೇ 50ರಷ್ಟು ಮೌಲ್ಯ ಇಲ್ಲೇ ಸೇರಿದರೆ ಪೂರೈಕೆದಾರರು ದೇಶೀಯರಲ್ಲಿ ಮೊದಲ ದರ್ಜೆ, ಶೇ 20ಕ್ಕಿಂತ ಮೇಲಿದ್ದರೆ ಎರಡನೆಯ ದರ್ಜೆ. 10 ಕೋಟಿ ರೂಪಾಯಿ ಮೀರಿದ ಖರೀದಿಗೆ ಲೆಕ್ಕಪರಿಶೋಧಕರ ಪ್ರಮಾಣಪತ್ರ ಬೇಕು.

ಮೆಟ್ರೊ ಬೋಗಿಗಳಿಗೆ ಷರತ್ತು ಇನ್ನೂ ಬಿಗಿ: ಟೆಂಡರಿನ ಮುಕ್ಕಾಲು ಪಾಲು ಭಾರತದಲ್ಲೇ ತಯಾರಾಗಬೇಕು. 2019ರ ಡಿಸೆಂಬರ್‌ನಲ್ಲಿ ಹಳದಿ ಮಾರ್ಗದವೂ ಸೇರಿದ 216 ಬೋಗಿಗಳ, 1,578 ಕೋಟಿ ರೂಪಾಯಿಯ ಗುತ್ತಿಗೆ ಚೀನಾದ ಕಂಪನಿಗೆ ಸಿಕ್ಕಿತು. ಅದು ಇಲ್ಲಿ ಕಾರ್ಖಾನೆ ಹಾಕಬೇಕಿತ್ತು. ಆದರೆ ಕೆಲವೇ ತಿಂಗಳಲ್ಲಿ ಕೋವಿಡ್ ಬಂತು. ಗಡಿ ಹಂಚಿಕೊಂಡ ದೇಶಗಳ ಹೂಡಿಕೆಗೆ ಸರ್ಕಾರದ ಪೂರ್ವಾನುಮತಿ ಕಡ್ಡಾಯವಾಯಿತು. ಗಾಲ್ವಾನ್‌ನಲ್ಲಿ ರಕ್ತ ಹರಿಯಿತು. ಕಾರ್ಖಾನೆ ಏಳಲಿಲ್ಲ. ಕೊನೆಗೆ ಪಶ್ಚಿಮ ಬಂಗಾಳದ ಟೀಟಾಗಢ ಕಂಪನಿಯೊಂದಿಗೆ ಒಪ್ಪಂದವಾಗಿ ಅಲ್ಲಿ ಬೋಗಿ ಕಟ್ಟುವ ಕೆಲಸ ಶುರುವಾಯಿತು. ಚೀನಾದಲ್ಲಿ ತಯಾರಾದ ಮಾದರಿ ರೈಲು ಹಡಗಿನಲ್ಲಿ ಚೆನ್ನೈಗೆ ಬಂದು, ಟ್ರೇಲರ್‌ಗಳ ಮೇಲೆ ಹೆಬ್ಬಗೋಡಿ ಡಿಪೊ ತಲುಪಿದ್ದು 2024ರ ಫೆಬ್ರುವರಿಯಲ್ಲಿ. ಟೀಟಾಗಢದ ಮೊದಲ ರೈಲು ಹೊರಟದ್ದು 2025ರ ಜನವರಿಯಲ್ಲಿ. ಅಷ್ಟು ಕಾಲವೂ ಹೊಸೂರು ರಸ್ತೆಯ ಜನ ಸಿಲ್ಕ್ ಬೋರ್ಡ್ ದಟ್ಟಣೆಯಲ್ಲಿ ಬಸ್ಸಿನ ಕಿಟಕಿಯಿಂದ ಖಾಲಿ ಹಳಿಯ ಕಂಬಗಳನ್ನು ಎಣಿಸಿದರು.

ಷರತ್ತು ಸರಿಯಾದದ್ದೇ. ನಮ್ಮ ತೆರಿಗೆ ಹಣ ನಮ್ಮ ಕಾರ್ಮಿಕರ ಕೈ ಸೇರಬೇಕು. ಆದರೆ ಮುಂದೆಂದೋ ಏಳಲಿರುವ ಕಾರ್ಖಾನೆಯನ್ನು ನಂಬಿ ಡೆಲಿವರಿ ದಿನಾಂಕ ಬರೆದರೆ ಬೆಲೆ ತೆರುವವರು ಪ್ರಯಾಣಿಕರು. ನೇರಳೆ, ಹಸಿರು ಮಾರ್ಗಗಳಿಗೆ ಬೋಗಿ ಕೊಟ್ಟ ಅನುಭವ ಬೆಮೆಲ್‌ಗೆ ಮೊದಲೇ ಇತ್ತು. ಗುಲಾಬಿ ಮತ್ತು ನೀಲಿ ಮಾರ್ಗಗಳ 318 ಬೋಗಿಗಳ ಗುತ್ತಿಗೆ 2023ರಲ್ಲಿ ಅದಕ್ಕೇ ಹೋಯಿತು. ಅದರ ಕಾರ್ಖಾನೆ ಇರುವುದು ಬೆಂಗಳೂರಿನ ತಿಪ್ಪಸಂದ್ರದಲ್ಲಿ.