ಬಯಲುಸೀಮೆಯ ಹಳ್ಳಿಗೆ ಅಷ್ಟೆತ್ತರದ ಕಣಜ ಯಾಕೆ?

ಪ್ರಶ್ನೆ: ಅಮೆರಿಕದ ಇಲಿನಾಯ್‌ನಲ್ಲಿ ಚಿಕ್ಕ ಊರುಗಳಲ್ಲೂ ರೈಲು ಹಳಿ ಪಕ್ಕ ಎತ್ತರದ ಹಳೇ ಕಟ್ಟಡ ಕಾಣುತ್ತದೆ. ಕಾಳು ತುಂಬಿಡುವುದಕ್ಕೆ ಅಂತ ಗೊತ್ತು. ಜಾಗಕ್ಕೆ ಬರವಿಲ್ಲದ ಕಡೆ ಅಷ್ಟೆತ್ತರ ಯಾಕೆ ಕಟ್ಟಿದರು?

ಉತ್ತರ: ಜಾಗ ಉಳಿಸೋದಕ್ಕಲ್ಲ, ಕೂಲಿ ಉಳಿಸೋದಕ್ಕೆ. ಕಾಳನ್ನು ಒಮ್ಮೆ ಮೇಲೇರಿಸಿದರೆ ಸಾಕು, ಅಲ್ಲಿಂದ ಬೇಕಾದ ಕಣಜಕ್ಕೆ, ಕಣಜದಿಂದ ರೈಲು ವ್ಯಾಗನ್‌ಗೆ ತಾನೇ ಜಾರುತ್ತದೆ. ಮೂಟೆ ಹೊರುವ ಮಾತೇ ಇಲ್ಲ. ಇದನ್ನು ಅಲ್ಲಿ ಎಲಿವೇಟರ್ ಅನ್ನುತ್ತಾರೆ. ಲೋಗನ್ ಕೌಂಟಿಯ ಅಟ್ಲಾಂಟಾ ಎಂಬ ಪುಟ್ಟ ಊರಲ್ಲಿ 1903ರಲ್ಲಿ ಕಟ್ಟಿದ ಮರದ ಹಾಸ್ ಎಲಿವೇಟರ್ ಈಗ ಮ್ಯೂಸಿಯಂ ಆಗಿ ಉಳಿದಿದೆ. ಒಳಗೆ ನಿಂತು ನೋಡಿದರೆ ಎಲ್ಲ ಅರ್ಥವಾಗುತ್ತದೆ.

ರೈತ ಮೊದಲು ತುಂಬಿದ ಗಾಡಿಯನ್ನು ತಕ್ಕಡಿ ಹಲಗೆ ಮೇಲೆ ನಿಲ್ಲಿಸಿ ತೂಗಿಸುತ್ತಿದ್ದ. ಕಾಳನ್ನು ನೆಲದಡಿಯ ಗುಂಡಿಗೆ ಸುರಿದು, ಖಾಲಿ ಗಾಡಿಯನ್ನು ಮತ್ತೆ ತೂಗಿಸುತ್ತಿದ್ದ. ವ್ಯತ್ಯಾಸವನ್ನು 56 ಪೌಂಡಿನಿಂದ ಭಾಗಿಸಿದರೆ ಬಿಡಿಸಿದ ಮೆಕ್ಕೆಜೋಳದ ಬುಶೆಲ್ (ಅಲ್ಲಿನ ಕಾಳಿನ ಅಳತೆ) ಲೆಕ್ಕ, ಓಟ್ಸ್‌ಗಾದರೆ 32. ಗುಂಡಿಯ ತಳದಿಂದ ಮಾಡಿನವರೆಗೆ ಸುತ್ತುವ ಪಟ್ಟಿಗೆ ಪುಟ್ಟ ಬೋಗುಣಿಗಳನ್ನು ಜೋಡಿಸಿರುತ್ತಾರೆ. ಅವು ಕಾಳನ್ನು ಮೊಗೆದು ಮೇಲೆ ಚೆಲ್ಲುತ್ತವೆ. ಕೆಳಗೆ ನಿಂತವನು ಮೇಲಿನ ತಿರುಗು ಕೊಳವೆಯನ್ನು ಹೊಂದಿಸಿ, ಯಾವ ಕಣಜಕ್ಕೆ ಬೀಳಬೇಕೋ ಅಲ್ಲಿಗೆ ಬಿಡುತ್ತಾನೆ.

ಗುಂಡಿಯ ಬಾಗಿಲನ್ನು ಆತುರದಲ್ಲಿ ಪೂರ್ತಿ ತೆರೆದರೆ ಕೆಡುತ್ತದೆ. ಬೋಗುಣಿಗಳು ಹೂತುಹೋಗಿ ಪಟ್ಟಿ ನಿಲ್ಲುತ್ತದೆ, ಮೇಲಿನ ರಾಟೆ ಮಾತ್ರ ಉಜ್ಜುತ್ತಾ ಕಾಯುತ್ತದೆ. ಗಾಳಿಯಲ್ಲಿ ತೇಲುವ ಕಾಳಿನ ಧೂಳಿಗೆ ಆ ಬಿಸಿ ಸಾಕು, ಸಿಡಿದುಬಿಡುತ್ತದೆ. ಎಂಜಿನ್ನನ್ನು ಬೇರೆ ಕೊಟ್ಟಿಗೆಯಲ್ಲಿ ಇಟ್ಟಿದ್ದು, ಹೊರಗೋಡೆಗೆ ತಗಡು ಹೊಡೆಸಿದ್ದು ಬೆಂಕಿಯ ಭಯಕ್ಕೇ. ರೈಲಿನ ಕಿಡಿಯೂ ಹಾರಿ ಬರುತ್ತಿತ್ತಲ್ಲ.

ಗೋಡೆ ಕಟ್ಟುವ ರೀತಿಯೂ ಬೇರೆ. ಹಲಗೆಗಳನ್ನು ಅಡ್ಡಡ್ಡ ಮಲಗಿಸಿ, ಒಂದರ ಮೇಲೊಂದು ಪೇರಿಸಿ ಮೊಳೆ ಹೊಡೆಯುತ್ತಿದ್ದರು. ಕಾಳು ಪಕ್ಕಕ್ಕೆ ಒತ್ತುವುದರಿಂದ ಕೆಳಗೆ ಅಗಲದ ಹಲಗೆ, ಮೇಲೆ ಹೋದಂತೆ ಕಿರಿದು. ಕಂಬ ನಿಲ್ಲಿಸಿ ಹಲಗೆ ಹೊಡೆದಿದ್ದರೆ ಉಬ್ಬಿ ಬಿರಿಯುತ್ತಿತ್ತು.

ಮೆಕ್ಕೆಜೋಳದಲ್ಲಿ ಶೇ. 15ಕ್ಕಿಂತ ಹೆಚ್ಚು ತೇವ ಇದ್ದರೆ ಬೇಸಿಗೆಯ ಹೊತ್ತಿಗೆ ಬಿಸಿಯೇರಿ ಬೂಷ್ಟು ಹಿಡಿಯುತ್ತದೆ. ಅದಕ್ಕೇ ಒಂದು ಕಣಜ ಖಾಲಿ ಇಟ್ಟುಕೊಂಡಿರಬೇಕು: ಕೆಳಗಿಂದ ಬಿಟ್ಟು, ಮತ್ತೆ ಏರಿಸಿ ಅದಕ್ಕೆ ಹಾಕಿದರೆ ಕಾಳು ಗಾಳಿಯಾಡಿ ತಣಿಯುತ್ತದೆ. ಅಲಕ್ಷ್ಯ ಮಾಡಿದರೆ ಮೇಲ್ಪದರ ಹೆಪ್ಪುಗಟ್ಟಿ, ಕೆಳಗಿಂದ ಕಾಳು ಬಿಟ್ಟಾಗ ಅಡಿಯಲ್ಲಿ ಟೊಳ್ಳಾಗುತ್ತದೆ. ಅದರ ಮೇಲೆ ಕಾಲಿಟ್ಟವರು ಕಾಳಿನಲ್ಲೇ ಹೂತುಹೋಗುತ್ತಾರೆ. ಈಗಿನ ಉಕ್ಕಿನ ಕಣಜಗಳಲ್ಲೂ ಈ ಸಾವು ತಪ್ಪಿಲ್ಲ.

ದರದ ಜಗಳವಂತೂ ಇದ್ದೇ ಇತ್ತು. ಷಿಕಾಗೋದ ಎಲಿವೇಟರ್ ಮಾಲೀಕರು ಎಷ್ಟು ಬಾಡಿಗೆ ಕೇಳಬಹುದು ಎಂಬ ತಗಾದೆ ಸುಪ್ರೀಂ ಕೋರ್ಟ್ ತನಕ ಹೋಯಿತು. 1877ರ ಮನ್ ವಿರುದ್ಧ ಇಲಿನಾಯ್ ತೀರ್ಪು, ಗರಿಷ್ಠ ದರ ಗೊತ್ತುಮಾಡುವ ಅಧಿಕಾರ ರಾಜ್ಯಕ್ಕಿದೆ ಎಂದಿತು.