ಲಿನಕ್ಸ್ ಮತ್ತು ಬಿಎಸ್‌ಡಿ: ಕೋಡ್ ಯಾವ ದಿಕ್ಕಿಗೆ ಹರಿಯುತ್ತದೆ?

ಬಾಗಲಕೋಟೆಯ ನವನಗರದಲ್ಲಿ ಆಪರೇಟಿಂಗ್ ಸಿಸ್ಟಂ ವಿಷಯವನ್ನು ಒಟ್ಟಿಗೆ ಓದುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ಕರ್ನಲ್, ಡ್ರೈವರ್, ಪ್ಯಾಚ್ ಎಂದರೇನು ಎಂಬುದನ್ನು ಇಲ್ಲಿ ವಿವರಿಸುವುದಿಲ್ಲ.

ಬಿಎಸ್‌ಡಿ ಎಂದರೆ ಲಿನಕ್ಸ್‌ನಂತೆಯೇ ಯುನಿಕ್ಸ್ ಮಾದರಿಯ ಮುಕ್ತ ಆಪರೇಟಿಂಗ್ ಸಿಸ್ಟಂಗಳ ಕುಟುಂಬ; ನೆಟ್‌ಬಿಎಸ್‌ಡಿ, ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿ ಅದರ ಸದಸ್ಯರು. ಓಪನ್‌ಬಿಎಸ್‌ಡಿ ಹುಟ್ಟಿದ್ದೇ ಜಗಳದಿಂದ. 1995ರಲ್ಲಿ ಥಿಯೋ ಡಿ ರಾಟ್ ನೆಟ್‌ಬಿಎಸ್‌ಡಿಯಿಂದ ಬೇರೆಯಾಗಿ ಅದನ್ನು ಕಟ್ಟಿದರು. ಆದರೆ ಅದೇ ತಂಡ 1999ರಲ್ಲಿ ಹೊರತಂದ, ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಲಾಗಿನ್ ಆಗುವ ತಂತ್ರಾಂಶವಾದ ಓಪನ್‌ಎಸ್‌ಎಸ್‌ಎಚ್ ಇಂದು ಲಿನಕ್ಸ್ ಸರ್ವರ್‌ಗಳಲ್ಲೆಲ್ಲ ಇದೆ. ಮೂಲ ತಂಡ ಓಪನ್‌ಬಿಎಸ್‌ಡಿಗೆಂದೇ ಕೋಡ್ ಬರೆಯುತ್ತದೆ. ಅದನ್ನು ಉಳಿದ ವ್ಯವಸ್ಥೆಗಳಿಗೆ ಹೊಂದಿಸುವ ಕೆಲಸ ಪ್ರತ್ಯೇಕವಾಗಿ ನಡೆಯುತ್ತದೆ. ನಮ್ಮ ಯಂತ್ರಗಳಲ್ಲಿ ಆವೃತ್ತಿ ಸಂಖ್ಯೆಯ ಕೊನೆಗೆ ಕಾಣುವ ‘ಪಿ1’ ಆ ಹೊಂದಿಸಿದ ಆವೃತ್ತಿಯ ಗುರುತು.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರೋಣ. ಎಲ್ಲವೂ ಮುಕ್ತ ತಂತ್ರಾಂಶವೇ ಆದರೆ ಯಾರು ಬೇಕಾದರೂ ಯಾರ ಕೋಡನ್ನಾದರೂ ತೆಗೆದುಕೊಳ್ಳಬಹುದಲ್ಲವೇ? ಇಲ್ಲ. ಬಿಎಸ್‌ಡಿ ಪರವಾನಗಿ ಕೇಳುವುದು ಬಹಳ ಕಡಿಮೆ: ಹಕ್ಕುಸ್ವಾಮ್ಯದ ಸಾಲು ಮತ್ತು ಪರವಾನಗಿಯ ಪಠ್ಯವನ್ನು ಅಳಿಸದೆ ಉಳಿಸಿಕೊಂಡರೆ ಸಾಕು. ಲಿನಕ್ಸ್ ಕರ್ನಲ್‌ನ ಪರವಾನಗಿಯಾದ ಜಿಪಿಎಲ್ ಇನ್ನೂ ಒಂದು ಷರತ್ತು ಹಾಕುತ್ತದೆ: ಅದರ ಕೋಡನ್ನು ಸೇರಿಸಿ ಮಾಡಿದ್ದನ್ನು ಹಂಚುವುದಾದರೆ ಇಡಿಯಾಗಿ ಜಿಪಿಎಲ್ ಅಡಿಯಲ್ಲೇ ಹಂಚಬೇಕು. ಹಾಗಾಗಿ ಬಿಎಸ್‌ಡಿ ಕೋಡ್ ಲಿನಕ್ಸ್ ಕರ್ನಲ್‌ಗೆ ಸಲೀಸಾಗಿ ಬರುತ್ತದೆ. ತಿರುಗಿ ಹೋಗುವುದು ಕಷ್ಟ. ಕಷ್ಟ ಎಂದೆ, ಅಸಾಧ್ಯ ಎನ್ನಲಿಲ್ಲ. ಪರೀಕ್ಷೆಯಲ್ಲಿ ಅಂಕ ಹೋಗುವುದು ಇಲ್ಲಿಯೇ. ಆಲಮಟ್ಟಿಯ ನೀರು ನಾರಾಯಣಪುರಕ್ಕೆ ತಾನಾಗಿ ಇಳಿಯುತ್ತದೆ, ಮೇಲಿನ ಹೊಲಕ್ಕೆ ಬೇಕಾದರೆ ಏತ ನೀರಾವರಿಯ ಖರ್ಚು ಹೊರಬೇಕು. ಜಿಪಿಎಲ್ ಕೋಡನ್ನು ಬಿಎಸ್‌ಡಿ ಕರ್ನಲ್‌ಗೆ ಸೇರಿಸಿದರೆ ತೆರಬೇಕಾದ ಬೆಲೆ ಎಂದರೆ, ಹಂಚುವ ಇಡೀ ಕರ್ನಲ್ ಜಿಪಿಎಲ್ ಷರತ್ತಿಗೆ ಒಳಪಡುವುದು. ಕಾನೂನು ತಡೆಯುವುದಿಲ್ಲ; ಆ ಸಮುದಾಯಗಳೇ ಒಲ್ಲೆ ಎನ್ನುತ್ತವೆ.

ಸಲೀಸಾದ ದಿಕ್ಕಿನಲ್ಲೂ ಮರ್ಯಾದೆ ತಪ್ಪುವಂತಿಲ್ಲ. 2007ರಲ್ಲಿ ಓಪನ್‌ಬಿಎಸ್‌ಡಿಯ ಅಥೆರಾಸ್ ವೈಫೈ ಡ್ರೈವರ್ ಕೋಡನ್ನು ಲಿನಕ್ಸ್‌ಗೆ ತರುವಾಗ ಮೂಲ ಪರವಾನಗಿಯ ಸಾಲುಗಳನ್ನು ತೆಗೆದು ಜಿಪಿಎಲ್ ಹಾಕುವ ಪ್ಯಾಚ್ ಬಂತು. ಓಪನ್‌ಬಿಎಸ್‌ಡಿ ಕೆರಳಿತು. ಅದರ ಸಿಟ್ಟು ನ್ಯಾಯವಾದದ್ದು ಎಂದೇ ನನ್ನ ಅಭಿಪ್ರಾಯ: ಕೋಡನ್ನು ಪುಕ್ಕಟೆ ಕೊಟ್ಟವರು ಕೇಳಿದ್ದು ಆ ನಾಲ್ಕು ಸಾಲುಗಳನ್ನು ಮಾತ್ರ.

ಹಾಗಾದರೆ ಲಿನಕ್ಸ್‌ನ ಗ್ರಾಫಿಕ್ಸ್ ಡ್ರೈವರ್‌ಗಳು ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿಗಳಲ್ಲಿ ಹೇಗೆ ಇವೆ? ಕರ್ನಲ್ ಒಟ್ಟಾರೆ ಜಿಪಿಎಲ್ ಆದರೂ ಅದರ ಡಿಆರ್‌ಎಂ (ಗ್ರಾಫಿಕ್ಸ್) ಭಾಗದ ಬಹುಪಾಲು ಫೈಲ್‌ಗಳು ಬಿಎಸ್‌ಡಿಯಂತೆಯೇ ಸಡಿಲವಾದ ಎಂಐಟಿ ಪರವಾನಗಿಯಲ್ಲಿವೆ. ಅದಕ್ಕೇ ನನ್ನ ನೆಚ್ಚಿನ ಉಪಾಯ: ಯೋಜನೆಯ ಪರವಾನಗಿಯನ್ನಲ್ಲ, ಫೈಲಿನ ತಲೆಯನ್ನು ನೋಡಿ. ಮೊದಲ ಸಾಲಿನಲ್ಲಿ ಪರವಾನಗಿಯ ಹೆಸರು ಹೇಳುವ ಎಸ್‌ಪಿಡಿಎಕ್ಸ್ ಗುರುತು ಇದ್ದರೆ ಉತ್ತರ ಅಲ್ಲಿಯೇ ಇದೆ. ಇಲ್ಲದಿದ್ದರೆ ಮೇಲಿನ ಕಾಮೆಂಟನ್ನು ಪೂರ್ತಿ ಓದಿ. ಈ ಒಂದು ಅಭ್ಯಾಸ ಅರ್ಧ ಅಧ್ಯಾಯವನ್ನು ಬಿಡಿಸಿಕೊಡುತ್ತದೆ.

ಜಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಂ ಬಗ್ಗೆ ಇಷ್ಟು ಸಾಕು: ಸನ್ ಕಂಪನಿ ಅದನ್ನು ಜಿಪಿಎಲ್ ಜೊತೆ ಹೊಂದುವುದಿಲ್ಲವೆಂದು ಪರಿಗಣಿಸಲಾದ ಸಿಡಿಡಿಎಲ್ ಪರವಾನಗಿಯಲ್ಲಿ ಬಿಟ್ಟಿದ್ದರಿಂದ ಲಿನಕ್ಸ್ ಕರ್ನಲ್‌ನ ಒಳಗೆ ಸೇರಲಿಲ್ಲ, ಪ್ರತ್ಯೇಕ ಮಾಡ್ಯೂಲ್ ಆಗಿ ಉಳಿಯಿತು. ಹಾಗಿದ್ದೂ 2020ರ ಓಪನ್‌ಜಡ್‌ಎಫ್‌ಎಸ್ 2.0ರಿಂದ ಲಿನಕ್ಸ್ ಮತ್ತು ಫ್ರೀಬಿಎಸ್‌ಡಿ ಎರಡಕ್ಕೂ ಕೋಡಿನ ಆಕರ ಒಂದೇ.

ಕೋಡ್ ಕದಲದೆ ನಡೆಯುವ ಸಹಕಾರವೂ ಉಂಟು. ಓಪನ್‌ಬಿಎಸ್‌ಡಿ 1998ರಲ್ಲಿ ಪರಿಚಯಿಸಿದ ಎಸ್‌ಟಿಆರ್‌ಎಲ್‌ಸಿಪಿವೈ (strlcpy) ಎಂಬ, ಪಠ್ಯ ನಕಲಿಸುವ ಫಂಕ್ಷನ್ ಅನ್ನು ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಬಳಸುವ ಸಿ ಲೈಬ್ರರಿಯಾದ ಜಿಲಿಬ್‌ಸಿ ಬಹುಕಾಲ ಒಪ್ಪಲಿಲ್ಲ. ಕೊನೆಗೆ 2023ರ 2.38 ಆವೃತ್ತಿಯಲ್ಲಿ ಸೇರಿಸಿಕೊಂಡಿತು. ಹೆಸರು ಮತ್ತು ವರ್ತನೆಗಳಷ್ಟೇ ಒಂದಾದವು. ಹಾಗಾಗಿ ಆ ಆವೃತ್ತಿಗಿಂತ ಹೊಸ ಜಿಲಿಬ್‌ಸಿ ಇರುವ ಉಬುಂಟು 24.04ರಲ್ಲಿ ಈ ಫಂಕ್ಷನ್ ಇರುವ ಪ್ರೋಗ್ರಾಂ ನೇರವಾಗಿ ಕಂಪೈಲ್ ಆಗುತ್ತದೆ. 22.04 ಇರುವ ಯಂತ್ರದಲ್ಲಿ ಕುಳಿತವರು ಲಿಬ್‌ಬಿಎಸ್‌ಡಿ ಲೈಬ್ರರಿಯನ್ನು ಜೋಡಿಸಿಕೊಳ್ಳಬೇಕು.